ಮರುಹೊಲಿಗೆ

ನಾಗಲಕ್ಷ್ಮಿ ಸೂಪರ್‌ವೈಸರ್ ಆದ ದಿನ ಮನೆಯಲ್ಲಿ ಯಾರೂ ಹಬ್ಬ ಮಾಡಲಿಲ್ಲ. ಹದಿನಾರು ವರ್ಷ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹೊಲಿಗೆ ಮೆಷಿನ್ ಮುಂದೆ ಬೆನ್ನು ಬಗ್ಗಿಸಿ ಕೂತವಳು ಇನ್ನು ಮೇಲೆ ನಿಂತು ಇಪ್ಪತ್ತೆಂಟು ಜನರಿಂದ ಕೆಲಸ ಮಾಡಿಸುತ್ತಾಳೆ ಅಂದರೆ ಅದೇನು ಸಣ್ಣ ಮಾತೇ? ಆದರೆ ಅಟ್ಟೂರಿನ ಆ ಎರಡು ಕೋಣೆಯ ಮನೆಯಲ್ಲಿ ಸುದ್ದಿ ನೇರವಾಗಿ ಹೋಗಿ ಬಿದ್ದದ್ದು ಸಂಜೆಯ ಅಡಿಗೆಯ ಮೇಲೆ.

"ಅಂದ್ರೆ ಬುಧವಾರ, ಶನಿವಾರ ಎಂಟು ಗಂಟೆಗೆ ಬರ್ತೀಯಾ?" ಗಂಡ ಅನಂತರಾಜು ಕೇಳಿದ. ಅವನು ಸ್ಕೂಲ್ ವ್ಯಾನ್ ಓಡಿಸುತ್ತಿದ್ದ. ಐದು ಗಂಟೆಗೆ ಮನೆಗೆ ಬಂದು ಕಾಲು ಚಾಚಿದರೆ ಊಟದ ತಟ್ಟೆ ಎದುರಿಗೆ ಬರುವ ತನಕ ಏಳುವ ಪೈಕಿಯಲ್ಲ.

"ಎಂಟು ವಾರ ಟ್ರೈನಿಂಗ್ ಕಣ್ರೀ. ಜನರನ್ನ ಹೆಂಗೆ ನಡೆಸ್ಬೇಕು ಅಂತ ಹೇಳ್ಕೊಡ್ತಾರೆ. ಒಟ್ಟು ಮೂರು ತಿಂಗಳು ನೋಡ್ತಾರಂತೆ. ಸರಿ ಹೋದ್ರೆ ಪರ್ಮನೆಂಟು, ಇಲ್ಲಾಂದ್ರೆ ವಾಪಸ್ ಮೆಷಿನ್‌ಗೆ."

"ಸರಿ ಕಣೆ, ಮುದ್ದೆ ಯಾರು ತಿರುವೋದು?"

ಬಾಗಿಲ ಹತ್ತಿರ ಕೂತು ಸೊಪ್ಪು ಬಿಡಿಸುತ್ತಿದ್ದ ಅತ್ತೆ ಮುನಿವೆಂಕಟಮ್ಮ ತಲೆ ಎತ್ತಿದಳು. ಎಪ್ಪತ್ತೆರಡು ವರ್ಷ, ಮೂಗಿನ ತುದಿಯಲ್ಲಿ ಕೋಪ, ಆದರೆ ಕೈಕಾಲು ಗಟ್ಟಿ. "ಯಾಕ್ಲಾ, ನನ್ ಕೈಯೇನ್ ಬಿದ್ದೋಗದಾ? ನಾನ್ ತಿರುವ್ತೀನಿ. ಪಾತ್ರೆನೂ ನಾನೇ ತೊಳ್ದಾಕ್ತೀನಿ. ನೀನ್ ಓಗವ್ವಾ, ಕಲ್ತ್ಕೊಂಡ್ ಬಾ."

ಡಿಗ್ರಿ ಎರಡನೆಯ ವರ್ಷದಲ್ಲಿದ್ದ ಮಗಳು ಪದ್ಮಶ್ರೀ ಮೊಬೈಲ್‌ನಿಂದ ಕಣ್ಣು ಕೀಳದೆ, "ನಾನೂ ಹೆಲ್ಪ್ ಮಾಡ್ತೀನಿ ಅಜ್ಜಿ" ಅಂದಳು. ಆ ಹೆಲ್ಪು ಎರಡು ದಿನ ನಡೆಯಿತು. ಮೂರನೆಯ ದಿನ ಅವಳಿಗೆ ಟೆಸ್ಟ್ ಬಂತು.

ಮುನಿವೆಂಕಟಮ್ಮನ ಅಡಿಗೆಗೆ ಯಾರೂ ಹೆಸರಿಡುವ ಹಾಗಿರಲಿಲ್ಲ. ತೊಂದರೆ ಇದ್ದದ್ದು ಪಾತ್ರೆಯಲ್ಲಿ. ದೂರದ ಬಾವಿಯಿಂದ ನೀರು ಹೊತ್ತು ಬೆಳೆದ ಜೀವ. ಅರ್ಧ ಬಕೆಟ್ ನೀರಿನಲ್ಲಿ ಇಡೀ ಮನೆಯ ಪಾತ್ರೆ ತೊಳೆದು ಮುಗಿಸುತ್ತಿದ್ದಳು. ನಲ್ಲಿ ತಿರುಗಿಸಿ ತೊಳೆಯುವುದು ಅವಳ ಲೆಕ್ಕದಲ್ಲಿ ಪಾಪ. ಬೆಳಿಗ್ಗೆ ನೋಡಿದರೆ ತಟ್ಟೆಯ ಅಂಚಿನಲ್ಲಿ ಸಾರಿನ ಜಿಡ್ಡು, ಲೋಟದ ತಳದಲ್ಲಿ ಸೋಪಿನ ಬಿಳಿ, ಮುದ್ದೆ ಪಾತ್ರೆಯ ಕಂಠಕ್ಕೆ ಒಣಗಿದ ಹಿಟ್ಟು. ನಾಗಲಕ್ಷ್ಮಿ ನೋಡಿದಳು, ಏನೂ ಹೇಳಲಿಲ್ಲ. ಹೇಗೆ ಹೇಳುವುದು? ಈ ವಯಸ್ಸಿನಲ್ಲಿ ತನಗೋಸ್ಕರ ಸೊಂಟ ಕಟ್ಟಿ ನಿಂತಿರುವ ಮುದುಕಿ. ಬೆಳಗಿನ ಐದು ಗಂಟೆಗೆ ಎದ್ದು, ನಲ್ಲಿಯನ್ನು ಸದ್ದಾಗದಂತೆ ಸಣ್ಣಗೆ ತಿರುಗಿಸಿ, ಎಲ್ಲವನ್ನೂ ಇನ್ನೊಮ್ಮೆ ತೊಳೆದು ಇದ್ದ ಜಾಗದಲ್ಲೇ ಬೋರಲು ಹಾಕಿಡುವುದನ್ನು ಅಭ್ಯಾಸ ಮಾಡಿಕೊಂಡಳು.

ಒಂದು ದಿನ ಪದ್ಮಶ್ರೀ ಇದನ್ನು ಕಂಡಳು. "ಅಮ್ಮಾ, ಅಜ್ಜಿಗೆ ಒಂದ್ ಮಾತು ಹೇಳ್ಬಾರ್ದಾ?"

"ಸುಮ್ನಿರೇ. ನೊಂದ್ಕೋತಾರೆ."

"ಗೊತ್ತಾದ್ರೆ ಇನ್ನೂ ನೊಂದ್ಕೋತಾರೆ."

"ಗೊತ್ತಾದ್ರೆ ತಾನೇ?" ಅಂದಳು ನಾಗಲಕ್ಷ್ಮಿ. ಅಯ್ಯೋ ಪುಣ್ಯಾತ್ಗಿತ್ತಿ, ಮನೆಯೊಳಗಿನ ಗುಟ್ಟು ಎಷ್ಟು ದಿನ ಗುಟ್ಟಾಗಿ ಇರುತ್ತದೆ?

ಫ್ಯಾಕ್ಟರಿಯಲ್ಲೂ ಅದೇ ಕತೆ ಶುರುವಾಗಿತ್ತು. ಅವಳ ನಾಲ್ಕನೇ ಲೈನಿನಲ್ಲಿ ಗಂಡಸರ ಶರ್ಟು ಹೊಲಿಯುತ್ತಿದ್ದರು. ಶರ್ಟಿಗೆ ಕಾಲರ್ ಕೂರಿಸುವ ಕೆಲಸ ನಜ್ಮುನ್ನೀಸಾಳದು. ಕೋಗಿಲು ಕಡೆಯ ನಜ್ಮಾ, ಟೈಲ್ಸ್ ಕೆಲಸದ ವಾಜಿದ್‌ನ ಹೆಂಡತಿ. ಹನ್ನೆರಡು ವರ್ಷ ಇಬ್ಬರೂ ಅಕ್ಕಪಕ್ಕದ ಮೆಷಿನ್‌ನಲ್ಲಿ ಕೂತವರು. ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜಿನಲ್ಲಿ ಐದು ಹೆಂಗಸರ ಒಂದು ಬಳಗ. ಐದು ಡಬ್ಬಿ ಬಿಚ್ಚಿ ನಡುವೆ ಇಟ್ಟರೆ ಯಾರದ್ದು ಯಾರು ತಿಂದರು ಅಂತ ದೇವರಿಗೂ ತಿಳಿಯುತ್ತಿರಲಿಲ್ಲ. ಸೋಮವಾರ ನಾಗಲಕ್ಷ್ಮಿ ಮಾಂಸ ಮುಟ್ಟುವುದಿಲ್ಲ ಅಂತ ನಜ್ಮಾ ಈ ಹನ್ನೆರಡು ವರ್ಷದಲ್ಲಿ ಒಂದು ಸೋಮವಾರವೂ ಮೊಟ್ಟೆ ಕೂಡ ತಂದಿರಲಿಲ್ಲ.

ಎರಡನೆಯ ವಾರ ಕಡುನೀಲಿ ಬಟ್ಟೆಯ ಆರ್ಡರ್ ಬಂತು. ಕಡುನೀಲಿ ಬಟ್ಟೆ, ಕಡುನೀಲಿ ದಾರ. ನಜ್ಮಾಳ ಹೊಲಿಗೆ ಅಂಚು ಬಿಟ್ಟು ಒಳಕ್ಕೆ ಸರಿಯತೊಡಗಿತು. ಮೊದಮೊದಲು ದಿನಕ್ಕೆ ಹತ್ತು, ಹದಿನೈದು ಕಾಲರ್, ಆಮೇಲಾಮೇಲೆ ಇನ್ನೂ ಹೆಚ್ಚು. ಹೀಗೆ ತಪ್ಪಾಗಿ ವಾಪಸು ಬರುವ ಪೀಸಿಗೆ ಅಲ್ಲಿ ಆಲ್ಟರ್ ಅನ್ನುತ್ತಾರೆ. ನಾಗಲಕ್ಷ್ಮಿಗೆ ಒಂದೇ ನೋಟಕ್ಕೆ ತಿಳಿಯಿತು, ನಜ್ಮಾಳ ಕಣ್ಣು ಮೊದಲಿನ ಹಾಗಿಲ್ಲ.

ಫ್ಲೋರ್ ಇನ್‌ಚಾರ್ಜ್ ಬಾಲರಾಜು ದಿನದ ಲೆಕ್ಕ ಬರೆಯುವ ಬೋರ್ಡಿನ ಮುಂದೆ ನಿಂತು ಕೇಳಿದ. "ನಾಗಲಕ್ಷ್ಮಮ್ಮಾ, ನಿಮ್ ಲೈನಲ್ಲಿ ಕಾಲರ್ ಆಲ್ಟರ್ ಜಾಸ್ತಿ ಆಗ್ತಿದೆ. ಯಾರದ್ದು, ಹೆಸರು ಕೊಡಿ. ಬೇರೆಯವ್ರನ್ನ ಕೂರಿಸಣ. ಮೂರು ತಿಂಗಳು ನಿಮ್ಮನ್ನ ನೋಡೋದೇ ಈ ಲೆಕ್ಕದಲ್ಲಿ, ಮರೀಬೇಡಿ."

"ನಾನ್ ನೋಡ್ಕೋತೀನಿ ಸಾರ್."

ನೋಡಿಕೊಂಡದ್ದು ಹೀಗೆ. ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಮುಂಚೆ ನಜ್ಮಾಳ ಕೆಟ್ಟ ಪೀಸುಗಳನ್ನು ಎತ್ತಿಟ್ಟುಕೊಳ್ಳುವುದು. ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ ಸ್ಯಾಂಪಲ್ ರೂಮಿನ ಮೂಲೆಯಲ್ಲಿದ್ದ ಖಾಲಿ ಮೆಷಿನ್‌ಗೆ ಕೂತು, ಕಾಲರ್ ಬಿಚ್ಚಿ, ತಾನೇ ಮರುಹೊಲಿಗೆ ಹಾಕಿ, ಏನೂ ಆಗದವರ ಹಾಗೆ ಬಂಡಲ್‌ಗೆ ಸೇರಿಸುವುದು. ಮಧ್ಯಾಹ್ನದ ನಂತರದವನ್ನು ಸಂಜೆ ಎಲ್ಲರೂ ಹೋದ ಮೇಲೆ. ಬೋರ್ಡಿನಲ್ಲಿ ಕಾಲರ್ ಆಲ್ಟರ್ ಇಳಿಯಿತು. ಬಾಲರಾಜು ತಲೆಯಾಡಿಸಿದ. ನಜ್ಮಾಳ ಕೆಲಸ ಉಳಿಯಿತು. ಇವಳ ಡಬ್ಬಿ ಮಾತ್ರ ಮುಚ್ಚಿದ್ದು ಮುಚ್ಚಿದ ಹಾಗೆ ಮನೆಗೆ ಬರುತ್ತಿತ್ತು.

"ಯಾಕವ್ವಾ, ನನ್ ಕೈ ಅಡಿಗೆ ಇಳೀತಿಲ್ವಾ?" ಅತ್ತೆ ಡಬ್ಬಿ ಅಲ್ಲಾಡಿಸಿ ಕೇಳಿದಳು.

"ಹಂಗಲ್ಲ ಅತ್ತೆ, ಟೈಮ್ ಆಗಲ್ಲ."

ಕ್ಯಾಂಟೀನಿನ ಮೇಜಿನವರಿಗೆ ಇದೆಲ್ಲ ಏನು ಗೊತ್ತು? ಅವರಿಗೆ ಕಂಡದ್ದು ಇಷ್ಟೇ: ಸೂಪರ್‌ವೈಸರ್ ಆದಳು, ಮೇಜಿಗೆ ಬರುವುದು ಬಿಟ್ಟಳು. ಒಂದು ದಿನ ಕೈ ತೊಳೆಯುವ ಜಾಗದಲ್ಲಿ ಆ ಮೇಜಿನವಳೇ, ತೋಳಿನ ತುದಿಯ ಕಫ್ ಹೊಲಿಯುವವಳು, ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಬಿಡೇ, ಮೇಡಂಗೆ ಕೊಂಬು ಬಂದದೆ. ನಮ್ ಡಬ್ಬಿ ಈಗ ಅವರಿಗೆ ಸೇರಲ್ಲ." ನಾಗಲಕ್ಷ್ಮಿ ಬಾಗಿಲ ಈಚೆ ನಿಂತು ಕೇಳಿಸಿಕೊಂಡಳು. ಅವಳ ಬೆರಳ ತುದಿಯಲ್ಲಿ ಇನ್ನೂ ನೀಲಿ ದಾರದ ಚೂರು ಅಂಟಿತ್ತು. ಒಳಗೆ ಹೋಗಿ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರೆ; ಇವಳಿಗೆ ಆ ಬಾಯೇ ಇರಲಿಲ್ಲ. ಕೈ ತೊಳೆಯದೆ ಲೈನಿಗೆ ವಾಪಸಾದಳು.

ಟ್ರೈನಿಂಗ್ ಹೇಳಿಕೊಡುತ್ತಿದ್ದ ನಿರಂಜನ್ ಇಪ್ಪತ್ತೆಂಟರ ಹುಡುಗ. ಇಸ್ತ್ರಿ ಮುರಿಯದ ಅಂಗಿ, ಮೆತ್ತಗಿನ ದನಿ. ಐದನೆಯ ವಾರ ಅವನು ಮನೆಪಾಠ ಕೊಟ್ಟ: "ಮನೇಲಿ ಒಬ್ಬರ ತಪ್ಪನ್ನ ಅವರಿಗೇ ಹೇಳಿ ಬನ್ನಿ. ಎದುರಿಗೆ ಹೇಳ್ಬೇಕು, ದನಿ ಏರಿಸ್ಬಾರ್ದು, ಅವಮಾನ ಮಾಡ್ಬಾರ್ದು. ಬುಧವಾರ ಬಂದು ಏನಾಯ್ತು ಅಂತ ಹೇಳಿ."

ಬುಧವಾರ ಅವಳ ಸರದಿ ಬಂದಾಗ ನಾಗಲಕ್ಷ್ಮಿ ಎದ್ದು ನಿಂತಳು. "ನಮ್ ಯಜಮಾನ್ರು ಒದ್ದೆ ಟವಲ್ ಹಾಸಿಗೆ ಮೇಲೆ ಹಾಕ್ತಾರೆ ಸಾರ್. ಹೇಳ್ದೆ. ಬೇಜಾರ್ ಮಾಡ್ಕೊಳ್ಲಿಲ್ಲ. ಈಗ ತಂತಿ ಮೇಲೆ ಹಾಕ್ತಾರೆ."

"ವೆರಿ ಗುಡ್!" ಅಂದ ನಿರಂಜನ್. ಎಲ್ಲರೂ ಚಪ್ಪಾಳೆ ತಟ್ಟಿದರು. ಶುದ್ಧ ಸುಳ್ಳು. ಅನಂತರಾಜುವಿನ ಒದ್ದೆ ಟವಲ್ ಅವತ್ತು ಬೆಳಿಗ್ಗೆಯೂ ಹಾಸಿಗೆಯ ಮೇಲೇ ಇತ್ತು; ಅದನ್ನು ತಂತಿಗೆ ಹಾಕಿ ಬಂದವಳು ಇವಳೇ. ಬಸ್ಸಿನಲ್ಲಿ ಬರುವಾಗ ಆ ಚಪ್ಪಾಳೆ ನೆನೆದು ನಾಚಿಕೆಯಿಂದ ಮುಖ ಬಿಸಿಯಾಯಿತು. ಎಲ್ಲ ವಯಸ್ಸಿನ ಜನರಿಂದ ತುಂಬಿದ್ದ ಬಸ್ಸು. ಈ ಮಾತನ್ನು ಹೇಳಿ ಹಗುರಾಗುವುದಕ್ಕೆ ಮಾತ್ರ ಒಬ್ಬರೂ ಇರಲಿಲ್ಲ. ಮೊದಲಾದರೆ ನಜ್ಮಾಗೆ ಹೇಳಿ ಇಬ್ಬರೂ ನಕ್ಕು ಬಿಡುತ್ತಿದ್ದರು.

ಏಳನೆಯ ವಾರದ ಒಂದು ಗುರುವಾರ ಗುಟ್ಟು ಒಡೆಯಿತು. ಬೆಳಿಗ್ಗೆ ಐದು ಗಂಟೆಗೆ ಮುನಿವೆಂಕಟಮ್ಮ ಬಚ್ಚಲಿಗೆಂದು ಎದ್ದವಳು ಅಡಿಗೆಮನೆ ಬಾಗಿಲಲ್ಲಿ ನಿಂತುಬಿಟ್ಟಳು.

"ಏನವ್ವಾ ಮಾಡ್ತಿದ್ದೀಯಾ?"

ನಾಗಲಕ್ಷ್ಮಿಯ ಕೈಯಲ್ಲಿ ಮುದ್ದೆ ಪಾತ್ರೆ. "ಏನಿಲ್ಲ ಅತ್ತೆ... ಸುಮ್ನೆ..."

"ಅದು ನಾನು ತೊಳ್ದು ಮಡಗಿದ್ ಪಾತ್ರೆ."

ನಾಗಲಕ್ಷ್ಮಿ ನಲ್ಲಿ ನಿಲ್ಲಿಸಿದಳು.

"ಎಷ್ಟ್ ದಿನದಿಂದ ಇಂಗೆ?"

ಒಳಗೆ ಹಾಸಿಗೆಯಿಂದ ಪದ್ಮಶ್ರೀಯ ನಿದ್ದೆಗಣ್ಣಿನ ದನಿ ಬಂತು. "ಶುರುವಿಂದಾನೂ ಅಜ್ಜಿ. ನಾನ್ ಹೇಳ್ದೆ, ಅಮ್ಮ ಕೇಳ್ಲಿಲ್ಲ."

ಮುದುಕಿ ಕೂಗಾಡಿದ್ದರೆ ಚೆನ್ನಾಗಿತ್ತು. ನಾಗಲಕ್ಷ್ಮಿ ಸ್ನಾನ ಮಾಡಿ ಬರುವಷ್ಟರಲ್ಲಿ ಎರಡು ಸೀರೆ ಬ್ಯಾಗಿಗೆ ತುರುಕಿಕೊಂಡು ಹೊರಟೇ ಹೋಗಿದ್ದಳು.

"ಕೋಗಿಲಿಗೆ ಹೋಗಿರ್ತಾಳೆ, ಮಾವನ ಮನೆಗೆ," ಅಂದ ಅನಂತರಾಜು ವ್ಯಾನಿನ ಕೀ ಹುಡುಕುತ್ತಾ. "ಹೋಗಿ ಕರ್ಕೊಂಡ್ ಬಾ."

"ನಿಮ್ಮಮ್ಮ ಅಲ್ವೇನ್ರೀ? ನೀವ್ ಹೋಗಿ."

"ಪಾತ್ರೆ ತೊಳ್ದೋಳು ನೀನಲ್ವಾ? ಮಕ್ಕಳು ಕಾಯ್ತಿರ್ತವೆ, ನಾನ್ ಬಂದೆ." ಹೊರಟ. ಅವನಿಗೆ ತಿಂಡಿ ಸಿಗಲಿಲ್ಲ ಅನ್ನುವುದೇ ದೊಡ್ಡ ಸಂಕಟ.

ಸೂಪರ್‌ವೈಸರ್ ಆದ ಮೇಲೆ ಅವಳು ಮೊದಲ ಬಾರಿ ರಜೆ ಹೇಳಿದಳು. ಕೋಗಿಲಿನಲ್ಲಿ ಅತ್ತೆಯ ತಮ್ಮ ಮುನಿಶಾಮಪ್ಪ ತನ್ನ ಪಾಲಿನ ಹೊಲದಲ್ಲಿ ಮೂರು ಮಹಡಿ ಕಟ್ಟಿ ಬಾಡಿಗೆಗೆ ಬಿಟ್ಟಿದ್ದ. ಗೇಟಿನ ಪಕ್ಕದ ಕಲ್ಲಿನ ಮೇಲೆ ಮುನಿವೆಂಕಟಮ್ಮ ಕೂತಿದ್ದಳು. ಸೊಸೆಯನ್ನು ಕಂಡು ಮುಖ ತಿರುಗಿಸಲಿಲ್ಲ, ಬಾ ಅನ್ನಲೂ ಇಲ್ಲ.

"ತಪ್ಪಾಯ್ತು ಅತ್ತೆ. ಹೊಟ್ಟೆಗೆ ಹಾಕ್ಕೊಳ್ಳಿ."

"ಏನ್ ತಪ್ಪಾಯ್ತು? ಯೇಳು ನೋಡಣ."

"ನೀವು ತೊಳ್ದಿದ್ದನ್ನ ತಿರುಗ ತೊಳ್ದಿದ್ದು."

"ಅದಲ್ಲ ಕಣೇ ದಡ್ಡಿ." ಮುದುಕಿಯ ದನಿ ಏರಿತು. "ಈ ಬಿಲ್ಡಿಂಗ್ ಅದಲ್ಲಾ, ಇಲ್ಲೆಲ್ಲ ರಾಗಿ ಒಲ. ಇಪ್ಪತ್ತು ಎಂಗಸ್ರನ್ನ ಕಟ್ಕೊಂಡು ಕಳೆ ತೆಗಸ್ತಿದ್ದೋಳು ನಾನು. ಯಾವಳಾದ್ರೂ ಸಾಲಲ್ಲಿ ಕಳೆ ಬಿಟ್ಟು ಮುಂದಕ್ಕೋದ್ರೆ, ಕರ್ದು, ಅದೇ ಸಾಲ್ಗೆ ತಿರುಗ ನಿಲ್ಲುಸ್ತಿದ್ದೆ. ಅತ್ರೆ ಅಳ್ಲಿ. ಅವಳ ಸಾಲ್ನ ಕಳೆ ನಾನ್ ಕಿತ್ತಾಕಿದ್ರೆ ಅವಳಿಗೆ ಮರ್ವಾದೆ ಏನುಳೀತದೆ? ನೀನು ನನ್ನ ಬೈಲಿಲ್ಲ. ಬೈಯೋಕೂ ಲಾಯಕ್ಕಿಲ್ದೋಳು ಅಂತ ಎಣಿಸ್ಬುಟ್ಟೆ. ಏಳು ವಾರ ನಾನು ಕೆಲ್ಸ ಮಾಡ್ದೆ ಅನ್ಕೊಂಡು ಎದೆ ಉಬ್ಬಿಸ್ಕೊಂಡು ಮಲಗ್ತಿದ್ದೆ ಕಣೇ. ಎಲ್ಲಾ ಸುಳ್ಳು."

ಅಷ್ಟರಲ್ಲಿ ನಾಗಲಕ್ಷ್ಮಿಯ ಮೊಬೈಲ್ ಬಡಿದುಕೊಂಡಿತು. ಬಾಲರಾಜು.

"ನಾಗಲಕ್ಷ್ಮಮ್ಮಾ, ಮಧ್ಯಾಹ್ನದೊಳ್ಗೆ ನಲವತ್ತೊಂದು ಕಾಲರ್ ವಾಪಸ್ ಬಂದವೆ, ಎಲ್ಲಾ ಒಬ್ಬಳದ್ದೇ! ಇಷ್ಟು ದಿನ ಎಲ್ಲಿದ್ವು ಇವು? ನೀವಿಲ್ದ ದಿನಾನೇ ಹೆಂಗೆ ಬಂದ್ವು?"

ಅವಳು, ನಾಳೆ ಬಂದು ಹೇಳ್ತೀನಿ ಸಾರ್ ಅಂತ ಮೊಬೈಲ್ ಇಟ್ಟಳು. ಮುನಿವೆಂಕಟಮ್ಮ ಸೊಸೆಯ ಮುಖ ನೋಡಿ ಏನೋ ಆಗಿದೆ ಅಂತ ತಿಳಿದುಕೊಂಡಳು, ಆದರೂ ಏಳಲಿಲ್ಲ. "ನಾನ್ ಎಲ್ಡ್ ದಿನ ಇದ್ದು ಬತ್ತೀನಿ. ನೀನ್ ನಡಿ." ಮುನಿಶಾಮಪ್ಪ ಕಾಫಿ ಕುಡಿದು ಹೋಗು ಅಂದ. ಅವಳು ಕುಡಿಯದೆ ಬಂದಳು.

ಮರುದಿನ ಊಟದ ಗಂಟೆ ಹೊಡೆದಾಗ ನಾಗಲಕ್ಷ್ಮಿ ಲೈನಿನಲ್ಲೇ ನಿಂತಿದ್ದಳು. ಹಿಂದಿನ ದಿನವೇ ಸ್ಯಾಂಪಲ್ ರೂಮಿನವರು ಲೈನಿನವರಿಗೆ ಎಲ್ಲ ಹೇಳಿದ್ದರು: ಮೇಡಂ ದಿನಾ ಇಲ್ಲಿ ಕೂತು ನೀಲಿ ಕಾಲರ್ ಬಿಚ್ಚಿ ಹೊಲೀತಿದ್ರಲ್ಲ! ನಜ್ಮಾ ತನ್ನ ಮೆಷಿನ್‌ನಿಂದ ಎದ್ದು ಬಂದಳು. ಕಣ್ಣು ಕೆಂಪಾಗಿತ್ತು.

"ಐದು ವಾರದಿಂದ ಒಂದ್ ಪೀಸೂ ವಾಪಸ್ ಬಂದಿರ್ಲಿಲ್ಲ ನಾಗೂ. ದಾರ ಕಾಣ್ಸ್ತಾ ಇರ್ಲಿಲ್ಲ, ಆದ್ರೂ ಕೈ ತಾನೇ ಸರಿಯಾಗಿ ಹೋಗ್ತಿದೆ ಅನ್ಕೊಂಡೆ. ಅಲ್ಲಾ ನನ್ನ ಕೈ ಬಿಟ್ಟಿಲ್ಲ ಅಂತ ವಾಜಿದ್ ಹತ್ರಾನೂ ಹೇಳ್ದೆ. ಅದಕ್ಕೇ ಕಣ್ಣು ತೋರ್ಸೋಕೂ ಹೋಗ್ಲಿಲ್ಲ."

"ಅವರು ಹೆಸರು ಕೊಡು ಅಂದ್ರು ಕಣೇ ನಜ್ಮಾ. ನಿನ್ ಹೆಸರು ಹೆಂಗೆ ಕೊಡ್ಲಿ?"

"ಅವರಿಗೆ ಕೊಡ್ಬೇಡ. ನನಗೆ ಹೇಳ್ಬಾರ್ದಿತ್ತಾ? ಹನ್ನೆರಡು ವರ್ಷ ಒಂದೇ ಡಬ್ಬಿಲಿ ಕೈ ಹಾಕಿದೀವಿ. ನನ್ ಕಣ್ಣು ಹೋಗ್ತಿದೆ ಅಂತ ನಿಂಗೆ ಗೊತ್ತು, ನಂಗೇ ಗೊತ್ತಿಲ್ಲ!" ಅವಳು ಸೆರಗಿನಿಂದ ಕಣ್ಣೊರಸಿಕೊಂಡಳು. "ನಿಂಗೆ ಕೊಂಬು ಬಂತು ಅಂತ ನಾವೆಲ್ಲ ಆಡ್ಕೊಂಡ್ವಿ. ಕೊಂಬೇ ಬಂದಿದ್ರೆ ಚೆನ್ನಾಗಿತ್ತು. ನೀನು ಎದುರಿಗೇ ಬಂದು ಗುದ್ದಿರ್ತಿದ್ದೆ."

ಬಾಲರಾಜು ಇಬ್ಬರನ್ನೂ ಕರೆಸಿದ. ಅವನ ತೀರ್ಮಾನ ಸಿದ್ಧವಾಗಿತ್ತು. "ಈಕೇನ ದಾರ ಕತ್ತರಿಸೋ ಹೆಲ್ಪರ್ ಕೆಲಸಕ್ಕೆ ಹಾಕಿ. ನೀವು ಸೋಮವಾರದಿಂದ ಮೆಷಿನ್‌ಗೆ ಹೋಗ್ತೀರೋ ಏನ್ ಕತೆ, ಯೋಚ್ನೆ ಮಾಡಿ."

ಈ ಸಲ ನಾಗಲಕ್ಷ್ಮಿ ಬಾಯಿ ತೆಗೆದಳು. ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಮುಚ್ಚಿಟ್ಟಿದ್ದು ನನ್ನ ತಪ್ಪು ಸಾರ್. ಅವಳದ್ದಲ್ಲ. ಅವಳಿಗೆ ಒಂದ್ ದಿನಾನೂ ನಾನು ಹೇಳಿಲ್ಲ. ಹೇಳದೆ ಇರೋ ತಪ್ಪನ್ನ ಯಾರು ತಿದ್ಕೋತಾರೆ? ನಂಗೆ ಹದಿನೈದು ದಿನ ಕೊಡಿ. ಆಮೇಲೂ ಕಾಲರ್ ಸರಿ ಬರ್ಲಿಲ್ಲ ಅಂದ್ರೆ ನಾನೇ ಮೆಷಿನ್‌ಗೆ ಹೋಗ್ತೀನಿ."

ಬಾಲರಾಜು ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದ. "ಹದಿನೈದೇ ದಿನ," ಅಂದ.

ಈಗ ಉಳಿದದ್ದು ಕಷ್ಟದ ಭಾಗ. ಲೈನಿಗೆ ಬಂದು, ಎಲ್ಲ ಮೆಷಿನ್‌ಗಳ ನಡುವೆ, ನಾಗಲಕ್ಷ್ಮಿ ಗೆಳತಿಯ ಎದುರು ನಿಂತಳು. "ನಜ್ಮಾ, ನಿನ್ ಹೊಲಿಗೆ ಅಂಚಿಂದ ಒಳಗೆ ಸರೀತಿದೆ. ಕಣ್ಣು ತೋರ್ಸಿ ಕನ್ನಡಕ ಬರೋವರ್ಗೂ ಕಾಲರ್ ಬೇಡ. ಒಳಗಡೆ ಬಿಳಿ ಲೇಬಲ್ ಕೂರ್ಸೋ ಕೆಲಸ ಮಾಡು. ಕನ್ನಡಕ ಬಂದ ದಿನ ಕಾಲರ್ ನಿಂದೇ. ನಾಳೆ ಅರ್ಧ ದಿನ ರಜ ಬರೆದಿದೀನಿ, ಆಸ್ಪತ್ರೆಗೆ ಹೋಗು. ಬೇಕಂದ್ರೆ ನಾನೂ ಬರ್ತೀನಿ."

ಮೆಷಿನ್‌ಗಳು ಒಂದೊಂದಾಗಿ ನಿಂತವು. ಹೊಸಬರು ಮಾಡುವ ಕೆಲಸ ಲೇಬಲ್‌ದು. ಇಲ್ಲಿಗೆ ಬರುವ ಮುಂಚಿನದೂ ಸೇರಿ ಹತ್ತೊಂಬತ್ತು ವರ್ಷ ಹೊಲಿದವಳಿಗೆ ಅದು ಕೆನ್ನೆಗೆ ಹೊಡೆದ ಹಾಗೆ. ನಜ್ಮಾ ಎದ್ದು, ಕುರ್ಚಿಯ ಮೇಲಿದ್ದ ತನ್ನ ಬಟ್ಟೆದಿಂಬನ್ನು ತೆಗೆದುಕೊಂಡಳು.

"ಬರೋದು ಬೇಡ. ವಾಜಿದ್ ಕರ್ಕೊಂಡ್ ಹೋಗ್ತಾರೆ," ಅಂದಳು. ಲೈನಿನ ಕೊನೆಗೆ ನಡೆದು ಹೋದಳು. ಯಾರೂ ನಾಗಲಕ್ಷ್ಮಿಯ ಮುಖ ನೋಡಲಿಲ್ಲ.

ಮಾರನೆಯ ದಿನ ಟ್ರೈನಿಂಗ್‌ನಲ್ಲಿ ನಿರಂಜನ್ ಮಾಮೂಲಿನಂತೆ ಕೇಳಿದ, ಈ ವಾರ ಏನು ಕಲಿತಿರಿ. ಅವಳು ಎದ್ದು, ಟವಲ್ ಕತೆ ಸುಳ್ಳು ಅನ್ನುವುದರಿಂದ ಹಿಡಿದು ಎಲ್ಲ ಹೇಳಿದಳು. ಪಾತ್ರೆ, ಕಾಲರ್, ಲೇಬಲ್. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಡುಗ, "ಕೂತ್ಕೊಳ್ಳಿ ಅಮ್ಮಾ," ಅಂದು ತನ್ನ ನೀರಿನ ಬಾಟಲಿ ಅವಳ ಕಡೆ ಸರಿಸಿದ.

ಭಾನುವಾರ ಮುನಿವೆಂಕಟಮ್ಮ ತಾನಾಗಿಯೇ ಬಂದಳು. ಯಾರೂ ಕರೆಯಲು ಹೋಗಿರಲಿಲ್ಲ. ಅನಂತರಾಜು ಎರಡು ದಿನ ಹೋಟೆಲಿನ ಇಡ್ಲಿ ತಿಂದು ಸೊರಗಿದವನ ಹಾಗೆ ನಟಿಸುತ್ತಿದ್ದ. ಬ್ಯಾಗು ಇಳಿಸಿ ಮುದುಕಿ ನೇರವಾಗಿ ಅಡಿಗೆಮನೆಗೆ ಹೋಗಿ ನಿಂತಳು.

"ಊಂ, ಯೇಳು. ನನ್ ಪಾತ್ರೇಲಿ ಏನ್ ತಪ್ಪು?"

ನಾಗಲಕ್ಷ್ಮಿ ಬಕೆಟ್ ಮುಂದಕ್ಕೆ ಎಳೆದಳು. "ಅರ್ಧ ಬಕೆಟ್ ನೀರು ಸಾಲಲ್ಲ ಅತ್ತೆ. ಜಿಡ್ಡು ಉಳ್ಕೊಳ್ತದೆ. ಎರಡು ಬಕೆಟ್ ಬೇಕು."

"ಎಲ್ಡ್ ಬಕೆಟ್ಟಾ! ನಿಮ್ಮಪ್ಪ ಏನ್ ಕೆರೆ ಕಟ್ಸವ್ನಾ? ಬ್ಯಾಸ್ಗೇಲಿ ಟ್ಯಾಂಕರ್ ಇಂದೆ ಬಿಂದ್ಗೆ ಇಡ್ಕೊಂಡು ಓಡ್ವಾಗ ಗೊತ್ತಾಗ್ತದೆ ನಿಂಗೆ!" ಹತ್ತು ನಿಮಿಷ ಬೈದಳು. ಸೊಸೆಯ ತವರನ್ನು, ಮಗನ ಸೋಮಾರಿತನವನ್ನು, ಮೊಮ್ಮಗಳ ಮೊಬೈಲನ್ನು, ಯಾವುದನ್ನೂ ಬಿಡಲಿಲ್ಲ. ಆಮೇಲೆ ಎರಡು ಬಕೆಟ್ ತುಂಬಿಸಿ ಪಾತ್ರೆ ತೊಳೆದಳು, ಒಂದನ್ನು ಬೆಳಕಿಗೆ ಹಿಡಿದು ಸೊಸೆಯ ಮೂಗಿನ ಮುಂದೆ ತಂದಳು. "ನೋಡ್ಕೊ." ಅನಂತರಾಜು ಇದೇ ಸಮಯ ನೋಡಿ ಹೊರಗೆ ಜಾರುವವನಿದ್ದ, ನಾಗಲಕ್ಷ್ಮಿ ಅವನನ್ನೂ ನಿಲ್ಲಿಸಿ ಟವಲ್ ವಿಷಯ ಹೇಳಿದಳು. "ಇವತ್ತು ಯಾಕೋ ನನ್ ಗ್ರಹಚಾರಾನೇ ಸರಿಯಿಲ್ಲ," ಅಂದ, ಆದರೆ ತಂತಿಗೆ ಹಾಕಿದ.

ನಜ್ಮಾಗೆ ಹನ್ನೊಂದನೆಯ ದಿನ ಕನ್ನಡಕ ಬಂತು. ಹನ್ನೆರಡನೆಯ ದಿನ ನಾಗಲಕ್ಷ್ಮಿ ಅವಳನ್ನು ಕಾಲರ್‌ಗೆ ಕೂರಿಸಿದಳು. ಹದಿನೈದನೆಯ ದಿನ ಬಾಲರಾಜು ಬೋರ್ಡ್ ನೋಡಿ ಏನೂ ಹೇಳದೆ ಹೋದ. ಅವನು ಏನೂ ಹೇಳದಿದ್ದರೆ ಸರಿಯಿದೆ ಅಂತ ಅರ್ಥ. ಲೈನಿನವರು ತಮ್ಮ ತಪ್ಪನ್ನು ತಾವೇ ತಂದು ತೋರಿಸುವುದು ನಿಧಾನವಾಗಿ ರೂಢಿಯಾಯಿತು. ಯಾಕೆ ಅಂದರೆ ತೋರಿಸಿದರೆ ಆಕೆ ಕೂಗಾಡುವುದಿಲ್ಲ, ಮುಚ್ಚಿಡುವುದೂ ಇಲ್ಲ, ತಿದ್ದಲು ಹೊತ್ತು ಕೊಡುತ್ತಾಳೆ ಅಂತ ಅವರಿಗೆ ತಿಳಿದಿತ್ತು. ಲೈನು ಒಳ್ಳೆಯ ಲೈನಾಯಿತು.

ಮೂರು ತಿಂಗಳು ತುಂಬಿದ ದಿನ ಆಫೀಸಿನಲ್ಲಿ ಪರ್ಮನೆಂಟ್ ಪತ್ರ ಕೊಟ್ಟರು. ಪತ್ರ ಹಿಡಿದು ಲೈನಿಗೆ ಬಂದರೆ ನಜ್ಮಾ ಒಂದು ಶರ್ಟು ಹಿಡಿದು ಕಾಯುತ್ತಿದ್ದಳು. ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದಳು.

"ಮೇಡಂ, ಇದು ನನ್ನಿಂದ ತಪ್ಪಿದೆ. ಎಡಗಡೆ ತುದಿ ನೋಡಿ. ಬಿಚ್ಚಿ ಹೊಲೀತೀನಿ, ನೀವು ಬರ್ಕೊಳ್ಳಿ."

ಅವಳ ದನಿಯಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ಒಬ್ಬ ಒಳ್ಳೆಯ ಕೆಲಸಗಾರ್ತಿ ಒಬ್ಬ ಒಳ್ಳೆಯ ಸೂಪರ್‌ವೈಸರ್‌ಗೆ ಹೇಳುವ ಹಾಗೇ ಹೇಳಿದಳು. ನಾಗಲಕ್ಷ್ಮಿ ಬರೆದುಕೊಂಡಳು. "ಕಣ್ಣು ಹೆಂಗಿದೆ?" ಅಂತ ಕೇಳಿದಳು. "ಚೆನ್ನಾಗಿದೆ ಮೇಡಂ," ಅಂದಳು ನಜ್ಮಾ, ಮೆಷಿನ್‌ಗೆ ಹೋದಳು.

ಅವತ್ತು ಮಧ್ಯಾಹ್ನ ನಾಗಲಕ್ಷ್ಮಿ ಧೈರ್ಯ ಮಾಡಿ ಕಿಟಕಿ ಪಕ್ಕದ ಮೇಜಿಗೆ ಹೋದಳು. ನಾಲ್ವರೂ ಥಟ್ಟನೆ ಸರಿದು ಜಾಗ ಮಾಡಿಕೊಟ್ಟರು. ಕಫ್ ಹೊಲಿಯುವವಳು ಬೆಂಚನ್ನು ಸೆರಗಿನಿಂದ ಒರೆಸಿದಳು. ಎಲ್ಲರೂ ತಮ್ಮ ತಮ್ಮ ಡಬ್ಬಿ ಅವಳ ಕಡೆ ಸರಿಸಿ, ತಗೊಳ್ಳಿ ತಗೊಳ್ಳಿ ಅಂದರು. ಯಾರೂ ಯಾರ ಡಬ್ಬಿಗೂ ಕೈ ಹಾಕಲಿಲ್ಲ. ಹವಾಮಾನದ ಮಾತಾಯಿತು, ಬಸ್ಸಿನ ಮಾತಾಯಿತು. ಇವಳು ಬೇಗ ಬೇಗ ಉಂಡು, ಕೆಲಸ ಇದೆ ಅಂತ ಎದ್ದಳು. ಬಾಗಿಲ ತನಕ ಬಂದಿದ್ದಳೋ ಇಲ್ಲವೋ, ಹಿಂದೆ ಆ ಮೇಜಿನಲ್ಲಿ ಯಾರೋ ಏನೋ ಅಂದರು, ಎಲ್ಲರೂ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಜ್ಮಾ. ತನ್ನ ಬಗ್ಗೆ ನಗುತ್ತಿಲ್ಲ ಅಂತ ನಾಗಲಕ್ಷ್ಮಿಗೆ ಚೆನ್ನಾಗಿ ಗೊತ್ತಿತ್ತು. ತಾನು ಎದ್ದು ಬಂದದ್ದಕ್ಕೆ ಮನಸ್ಸು ಬಿಚ್ಚಿ ನಗುತ್ತಿದ್ದರು, ಅಷ್ಟೇ.

ಸಂಜೆ ಮನೆಯಲ್ಲಿ ಪತ್ರ ತೋರಿಸಿದಳು. ಪದ್ಮಶ್ರೀ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದಳು. ಅನಂತರಾಜು, "ಇನ್ಮೇಲೆ ನಾನೂ ಸಾಹೇಬ್ರ ಗಂಡ," ಅಂದು ಊಟ ಮುಗಿಸಿ ಟಿವಿ ಮುಂದೆ ಹೋದ. ಅತ್ತೆ ಸೊಸೆ ಇಬ್ಬರೇ ಅಡಿಗೆಮನೆಯಲ್ಲಿ ಉಳಿದರು.

"ಸಾರು ಎಂಗದೆ, ಮುಚ್ಚಿಡ್ದೆ ಯೇಳು," ಅಂದಳು ಮುನಿವೆಂಕಟಮ್ಮ.

"ಉಪ್ಪು ಜಾಸ್ತಿ ಆಗಿದೆ ಅತ್ತೆ."

"ಆಯ್ತು, ನಾಳೆ ಕಮ್ಮಿ ಆಕ್ತೀನಿ." ಮುದುಕಿ ತನ್ನ ತಟ್ಟೆಗೂ ಬಡಿಸಿಕೊಂಡು ತಲೆ ಎತ್ತಿ ನೋಡಿದರೆ ಸೊಸೆಯ ಕಣ್ಣಿಂದ ಬಳಬಳ ನೀರು ಸುರಿಯುತ್ತಿತ್ತು. "ಅಯ್ಯೋ, ಉಪ್ಪು ಜಾಸ್ತಿ ಆದ್ರೆ ಅಳೋರುಂಟೇನೇ? ಏನಾಯ್ತು? ಅಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

ನಾಗಲಕ್ಷ್ಮಿ ಮುಂಗೈಯಿಂದ ಮುಖ ಒರೆಸಿಕೊಂಡಳು. "ಯಾರೂ ಏನೂ ಅನ್ನಲ್ಲ ಅತ್ತೆ. ಈಗ ನಂಗೆ ಯಾರೂ ಏನೂ ಅನ್ನಲ್ಲ."

ಮುನಿವೆಂಕಟಮ್ಮ ಇನ್ನರ್ಧ ಮುದ್ದೆ ಮುರಿದು ಅವಳ ತಟ್ಟೆಗೆ ಹಾಕಿದಳು.

"ಅನ್ನೋಕೆ ನಾನಿಲ್ವೇನೇ, ಮೂದೇವಿ. ಉಣ್ಣು, ಆರೋಗ್ತದೆ."